ಬಿಸಿಲು ಓಡೋ ಅನಿಮೇಷನ್‌ನಲ್ಲಿ ಫ್ಲಿಕರ್ ಬರದ ಹಾಗೆ ರೆಂಡರ್ ಮಾಡೋದು ಹೇಗೆ

ಒಂದು ತೊಟ್ಟಿಮನೆ ಪ್ರಾಜೆಕ್ಟ್ ನನ್ನ ಕೈಗೆ ಬಂದಾಗ ಕೆಲಸ ಕೇಳೋಕೆ ಭಾರೀ ಸುಲಭ ಅನ್ನಿಸ್ತು. ಕ್ಯಾಮೆರಾ ಅಲ್ಲಾಡಲ್ಲ, ಜಗಲಿ ಮೇಲೆ ಕೂತು ತೊಟ್ಟಿ ಕಡೆ ನೋಡಿದ ಹಾಗೆ ಒಂದೇ ವ್ಯೂ, ಬೆಳಗ್ಗೆ ಆರಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯತ್ತೆ, ಅಷ್ಟರಲ್ಲಿ ಬಿಸಿಲಿನ ಚೌಕ ರೆಡ್‌ಆಕ್ಸೈಡ್ ನೆಲದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಸರ್ಕೊಂಡು ಹೋಗ್ಬೇಕು, ಒಟ್ಟು ಹತ್ತು ಸೆಕೆಂಡ್. ಎರಡು ರಾತ್ರಿ ಮಷೀನ್ ಓಡಿಸಿ ಬೆಳಗ್ಗೆ ಎದ್ದು ಪ್ಲೇ ಮಾಡಿದ್ರೆ ಜಗಲಿ ಹಿಂದಿನ ಗೋಡೆ ಮೇಲೆ ಇರುವೆ ಹರಿದಾಡಿದ ಹಾಗೆ ಕಲೆಗಳು, ಕಂಬದ ನೆರಳು ಜಾರೋ ಬದಲು ಕುಂಟ್ಕೊಂಡು ಕುಂಟ್ಕೊಂಡು ಹೋಗ್ತಿದೆ, ಮಧ್ಯಾಹ್ನದ ಹತ್ರ ಇಡೀ ಚಿತ್ರ ಒಮ್ಮೆ ಕಣ್ಣು ಮಿಟುಕಿಸತ್ತೆ. ನಾನೇನ್ ಮಾಡ್ದೆ, ಸ್ಯಾಂಪಲ್ಸ್, ಅಂದ್ರೆ ಒಂದೊಂದು ಪಿಕ್ಸೆಲ್‌ಗೆ ಬಿಡೋ ಕಿರಣಗಳ ಲೆಕ್ಕ, ಡಬಲ್ ಮಾಡಿ ಮತ್ತೆ ನಾಲ್ಕು ರಾತ್ರಿ ಓಡಿಸ್ದೆ. ಇರುವೆ ಸ್ವಲ್ಪ ಕಮ್ಮಿ ಆಯ್ತು ಅಷ್ಟೇ, ಮಿಕ್ಕಿದ್ದೆಲ್ಲ ಹಾಗೇ ಇತ್ತು.

ಆಗ ತಲೆಗೆ ಹೋಗಿದ್ದು ಏನಂದ್ರೆ ನಾವು ಫ್ಲಿಕರ್ ಅಂತ ಒಂದೇ ಹೆಸರಲ್ಲಿ ಬೈಯೋದು ಮೂರು ಬೇರೆ ಬೇರೆ ಕಾಯಿಲೆನ, ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದಕ್ಕೆ ತಾಗಲ್ಲ. ಅದಕ್ಕೆ ಮೊದಲು ಯಾವುದು ಅಂತ ಕಂಡುಹಿಡೀರಿ, ಆಮೇಲೆ ಸೆಟ್ಟಿಂಗ್ ಮುಟ್ಟಿ. ನಾನು ಜಾಸ್ತಿ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಸೈಕಲ್ಸ್ ಅನ್ನೋ ರೆಂಡರ್ ಇಂಜಿನ್‌ನಲ್ಲೇ ಕೆಲಸ ಮಾಡೋದು, ಹಾಗಾಗಿ ಅದರ ಮಾತಲ್ಲೇ ಹೇಳ್ತೀನಿ, ವೀ-ರೇ ಅನ್ನೋ ಇನ್ನೊಂದು ರೆಂಡರ್ ಇಂಜಿನ್ ವಿಷ್ಯ ನಡುವೆ ಬರತ್ತೆ.

ಟೆಸ್ಟ್ ಹೀಗೆ ಮಾಡಿ. ಇಡೀ 250 ಫ್ರೇಮ್ ಹಾಕ್ಬೇಡಿ. ಸೂರ್ಯೋದಯ ಆದ ತಕ್ಷಣ, ನಡು ಮಧ್ಯಾಹ್ನ, ಸೂರ್ಯ ಮುಳುಗೋಕೆ ಸ್ವಲ್ಪ ಮುಂಚೆ, ಈ ಮೂರು ಜಾಗದಲ್ಲಿ ಬೆನ್ನುಬೆನ್ನಿಗೆ ಎಂಟೆಂಟು ಫ್ರೇಮ್ ತಗೊಳ್ಳಿ. ರೆಸಲ್ಯೂಶನ್ ಕಮ್ಮಿ ಮಾಡ್ಬೇಡಿ, ಅರ್ಧ ಸೈಜಲ್ಲಿ ಕಾಣದೇ ಇರೋ ಕಲೆ ಫುಲ್ ಸೈಜಲ್ಲಿ ಎದ್ದು ಬರತ್ತೆ, ಟೈಮ್ ಉಳಿಸ್ಬೇಕಂದ್ರೆ ರೆಂಡರ್ ರೀಜನ್ ಹಾಕಿ ಅತ್ಯಂತ ಕತ್ತಲಿರೋ ಮೂಲೆ ಮತ್ತೆ ಒಂದು ನೆರಳಿನ ಅಂಚು ಇಷ್ಟು ಮಾತ್ರ ಸಿಗೋ ಹಾಗೆ ನೋಡ್ಕೊಳ್ಳಿ. ಈಗ ಅಕ್ಕಪಕ್ಕದ ಎರಡು ಫ್ರೇಮ್ ಕಂಪಾಸಿಟರ್‌ಗೆ (ರೆಂಡರ್ ಆದ ಚಿತ್ರಗಳನ್ನ ಬೆರೆಸಿ ತಿದ್ದೋ ಜಾಗ) ಹಾಕಿ, ಮಿಕ್ಸ್ ನೋಡ್‌ನ ಡಿಫರೆನ್ಸ್ ಮೋಡ್‌ನಲ್ಲಿಟ್ಟು ಬಂದಿದ್ದನ್ನ ಹತ್ತರಿಂದ ಗುಣಿಸಿ. ನೆರಳಿನ ಅಂಚಲ್ಲಿ ಮಾತ್ರ ಗೆರೆ ಬಂದು ಮಿಕ್ಕಿದ್ದೆಲ್ಲ ಕಪ್ಪಗಿದ್ರೆ ಗೋಡೆ ಕ್ಲೀನ್ ಇದೆ ಅಂತ. ಗೋಡೆ ಸೀಲಿಂಗ್ ತುಂಬ ಅಂಗೈಯಗಲದ ಕಲೆಗಳು ಕಂಡ್ರೆ ಅದು ಜಿಐ (ಗೋಡೆ ನೆಲಕ್ಕೆ ಬಡಿದು ಬರೋ ಬೆಳಕಿನ ಲೆಕ್ಕ) ಅಥವಾ ಡೀನಾಯ್ಸರ್ (ರೆಂಡರಿನ ಕಾಳುಕಾಳು ನಾಯ್ಸ್ ಒರೆಸೋ ಟೂಲ್) ಗಲಾಟೆ. ಇಡೀ ಫ್ರೇಮ್ ಒಂದೇ ಸಮ ಬೆಳ್ಳಗಾಗಿ ಮುಂದಿನ ಜೋಡಿಯಲ್ಲಿ ಮತ್ತೆ ಕಪ್ಪಾದ್ರೆ ಎಕ್ಸ್‌ಪೋಶರ್, ಅಂದ್ರೆ ಇಡೀ ಚಿತ್ರದ ಬೆಳಕಿನ ಮಟ್ಟದ ತೊಂದರೆ. ಇನ್ನು ನೆರಳಿನ ಗೆರೆ ತೆಳ್ಳಗಿರೋ ಬದಲು ದಪ್ಪ ಪಟ್ಟಿ ಥರ ಇದ್ದು ಅದರ ಎರಡೂ ಅಂಚು ಚೂಪಾಗಿದ್ರೆ ನೆರಳು ಹಾರ್ತಾ ಇದೆ.

ಹಾರೋ ನೆರಳಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಇದನ್ನ ಯಾರೂ ಲೆಕ್ಕ ಹಾಕಲ್ಲ, ಆದ್ರೆ ಕ್ಯಾಲ್ಕುಲೇಟರ್‌ನಲ್ಲಿ ಎರಡು ನಿಮಿಷದ ಕೆಲಸ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯತ್ತೆ, ಅಂದ್ರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಹನ್ನೆರಡು ಗಂಟೆನ 25 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 25 ಫ್ರೇಮ್) ಹತ್ತು ಸೆಕೆಂಡಿಗೆ ಹಿಂಡಿದ್ರೆ 250 ಫ್ರೇಮ್, ಒಂದೊಂದು ಫ್ರೇಮಿಗೆ 2.88 ನಿಮಿಷ, ಅಂದ್ರೆ 0.72 ಡಿಗ್ರಿ. ಆಕಾಶದಲ್ಲಿ ಸೂರ್ಯನ ಬಿಂಬದ ಅಗಲವೇ ಸುಮಾರು 0.53 ಡಿಗ್ರಿ, ಬ್ಲೆಂಡರ್‌ನ ಸನ್ ಲೈಟಿನ ಡೀಫಾಲ್ಟ್ ಆಂಗಲ್ ಕೂಡ 0.526. ಅಂದ್ರೆ ಒಂದು ಫ್ರೇಮಲ್ಲಿ ಸೂರ್ಯ ತನ್ನ ಮೈ ಅಗಲಕ್ಕಿಂತ ಜಾಸ್ತಿ ದೂರ ಹಾರ್ತಾ ಇದಾನೆ. ತೊಟ್ಟಿ ಸೂರು ನೆಲದಿಂದ ಮೂರು ಮೀಟರ್ ಮೇಲಿದೆ ಅಂದ್ಕೊಳ್ಳಿ, ನಡು ಮಧ್ಯಾಹ್ನ ಅದರ ನೆರಳಿನ ಅಂಚಿನ ಮಸುಕು 2.8 ಸೆಂಟಿಮೀಟರ್ ಅಗಲ, ಆದ್ರೆ ನೆರಳು ಫ್ರೇಮಿಂದ ಫ್ರೇಮಿಗೆ ಜಿಗಿಯೋದು 3.8 ಸೆಂಟಿಮೀಟರ್. ಹಿಂದಿನ ಫ್ರೇಮಿನ ಮಸುಕಿಗೂ ಮುಂದಿನದಕ್ಕೂ ನಡುವೆ ಒಂದು ಸೆಂಟಿಮೀಟರ್ ಖಾಲಿ, ಕಣ್ಣು ಅದನ್ನ ಚಲನೆ ಅಂತ ಒಪ್ಕೊಳ್ಳಲ್ಲ, ಪಟಪಟ ಅಂತ ಹೊಡೆದ ಹಾಗೆ ಕಾಣತ್ತೆ. ಇದಕ್ಕೆ ಒಂದು ಲಕ್ಷ ಸ್ಯಾಂಪಲ್ ಹಾಕಿದ್ರೂ ಏನೂ ಆಗಲ್ಲ. ನನ್ನ ಆ ನಾಲ್ಕು ರಾತ್ರಿ ಹೋಗಿದ್ದು ಇಲ್ಲೇ.

ಫ್ರೇಮಿಗೆ ಎಷ್ಟು ಡಿಗ್ರಿ ಅನ್ನೋದು ಸೂರ್ಯನ ಆಂಗಲ್‌ನ ಅರ್ಧಕ್ಕಿಂತ ಕಮ್ಮಿ ಇರೋ ಹಾಗೆ ನೋಡ್ಕೊಂಡ್ರೆ ನೆರಳು ಜಾರಿದ ಹಾಗೇ ಕಾಣತ್ತೆ, ಇದು ನಾನು ಇಟ್ಕೊಂಡಿರೋ ಲೆಕ್ಕ. ಅಲ್ಲಿಗೆ ಹೋಗೋಕೆ ದಾರಿ ಮೂರಿದೆ. ವಿಡಿಯೋನ ಮೂವತ್ತು ಸೆಕೆಂಡ್ ಮಾಡಿ, ಆಗ 750 ಫ್ರೇಮ್, ಫ್ರೇಮಿಗೆ 0.24 ಡಿಗ್ರಿ, ಸಮಸ್ಯೆ ಮಾಯ, ಆದ್ರೆ ರೆಂಡರ್ ಟೈಮ್ ಮೂರು ಪಟ್ಟು ಮತ್ತೆ ಕ್ಲೈಂಟ್ ಮೂವತ್ತು ಸೆಕೆಂಡ್ ನೋಡಲ್ಲ. ಇಲ್ಲಾಂದ್ರೆ ಸನ್ ಆಂಗಲ್ ಒಂದೂವರೆ ಡಿಗ್ರಿಗೆ ಏರಿಸಿ, ನೆರಳಿನ ಅಂಚು ಸ್ವಲ್ಪ ಮೆತ್ತಗಾಗತ್ತೆ, ತೆಳು ಮೋಡದ ದಿನದ ಬಿಸಿಲಿನ ಥರ, ನಿಜ ಹೇಳ್ಬೇಕಂದ್ರೆ ಹತ್ತು ಸೆಕೆಂಡಿನ ವಿಡಿಯೋದಲ್ಲಿ ಇದನ್ನ ಯಾರೂ ಕೇಳಿಲ್ಲ ಇವತ್ತಿನ ತನಕ. ವೀ-ರೇ ಸನ್‌ನಲ್ಲಿ ಇದೇ ಕೆಲಸಕ್ಕೆ ಸೈಜ್ ಮಲ್ಟಿಪ್ಲೈಯರ್ ಅಂತ ಇದೆ. ಮೂರನೇದು ನನಗೆ ಇಷ್ಟ, ಒಂದು ಫ್ರೇಮ್ ಬದಲು ನಾಲ್ಕು ಚೂರು ಫ್ರೇಮ್ ರೆಂಡರ್ ಮಾಡಿ ಸರಾಸರಿ ತೆಗೆಯೋದು. ಔಟ್‌ಪುಟ್ ಟ್ಯಾಬ್‌ನಲ್ಲಿ ಟೈಮ್ ಸ್ಟ್ರೆಚಿಂಗ್ ಅಂತಿದೆ, ಓಲ್ಡ್ 100 ನ್ಯೂ 400 ಕೊಟ್ರೆ ಅದೇ ಅನಿಮೇಷನ್ 1000 ಫ್ರೇಮಿಗೆ ಎಳೆಯತ್ತೆ, ಎಂಡ್ ಫ್ರೇಮ್ ಕೂಡ 1000ಕ್ಕೆ ಬದಲಾಯಿಸೋದು ಮರೀಬೇಡಿ. ಒಂದೊಂದಕ್ಕೂ ನಾಲ್ಕನೇ ಒಂದು ಭಾಗ ಸ್ಯಾಂಪಲ್ ಸಾಕು, ಯಾಕಂದ್ರೆ ನಾಲ್ಕು ಸೇರಿಸಿದಾಗ ಸ್ಯಾಂಪಲ್ಸೂ ಸೇರತ್ತೆ, ಹಾಗಾಗಿ ಟೈಮ್ ಅಂಥದ್ದೇನೂ ಜಾಸ್ತಿ ಆಗಲ್ಲ, ಪ್ರತಿ ಫ್ರೇಮಿಗೂ ಸೀನ್ ಲೋಡ್ ಆಗೋ ಹೊತ್ತು ಮಾತ್ರ ಸೇರ್ಕೊಳತ್ತೆ, ಅದಕ್ಕೆ ಪರ್ಸಿಸ್ಟೆಂಟ್ ಡೇಟಾ ಟಿಕ್ ಮಾಡಿಡಿ. ಇಲ್ಲಿ ಸೀಡ್ (ನಾಯ್ಸ್ ಯಾವ ಥರ ಬೀಳ್ಬೇಕು ಅಂತ ತೀರ್ಮಾನಿಸೋ ನಂಬರ್) ಮಾತ್ರ ಪ್ರತಿ ಫ್ರೇಮಿಗೂ ಬದಲಾಗ್ಲೇಬೇಕು, ಇಲ್ಲಾಂದ್ರೆ ಒಂದೇ ನಾಯ್ಸ್‌ನ ನಾಲ್ಕು ಸಲ ಕೂಡಿಸಿದ ಹಾಗಾಗತ್ತೆ. ಸರಾಸರಿ ತೆಗೆಯೋಕೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಟೂಲ್‌ನಲ್ಲಿ ಟೀಮಿಕ್ಸ್ ಫಿಲ್ಟರ್ ಇದೆ, ನಾಲ್ಕರ ಸರಾಸರಿ ಮಾಡಿಸಿ ಆಮೇಲೆ ನಾಲ್ಕಕ್ಕೊಂದು ಫ್ರೇಮ್ ಮಾತ್ರ ಇಟ್ಕೊಂಡ್ರೆ ಆಯ್ತು. ಮೋಷನ್ ಬ್ಲರ್ ಆನ್ ಮಾಡಿದ್ರೆ ಸಾಲದಾ ಅಂತ ಕೇಳ್ಬೇಡಿ, ನಾನೂ ಅದನ್ನೇ ಮಾಡಿ ನೋಡ್ದೆ, ಸೈಕಲ್ಸ್‌ನಲ್ಲಿ ಅದು ವಸ್ತುಗಳಿಗೆ ಮತ್ತೆ ಕ್ಯಾಮೆರಾಗೆ, ಲೈಟ್ ತಿರುಗಿದ್ದಕ್ಕೆ ನೆರಳು ಮಸುಕಾಗಲ್ಲ.

ಸೂರ್ಯನ್ನ ಓಡಿಸೋ ವಿಧಾನದಲ್ಲೇ ಒಂದು ಹೊಂಡ ಇದೆ, ನಮ್ಮ ಕಡೆಯವರಿಗೆ ಅಂತಲೇ ತೋಡಿಟ್ಟ ಹಾಗೆ. ಬೆಂಗಳೂರು 12.97 ಡಿಗ್ರಿ ಉತ್ತರದಲ್ಲಿದೆ, ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತೆ ಆಗಸ್ಟ್ 18ರ ಆಸುಪಾಸಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ ಅಂತಾರಲ್ಲ ಅದೇ. ಆ ದಿನಗಳ ಹತ್ರ ಮಧ್ಯಾಹ್ನದ ತನಕ ಪೂರ್ವದಲ್ಲಿದ್ದ ಅಜಿಮತ್ (ಸೂರ್ಯ ಇರೋ ದಿಕ್ಕಿನ ಕೋನ) ಕೆಲವೇ ನಿಮಿಷದಲ್ಲಿ ಪಶ್ಚಿಮಕ್ಕೆ, ಅಂದ್ರೆ ಹತ್ರಹತ್ರ 180 ಡಿಗ್ರಿ ತಿರುಗಿಬಿಡತ್ತೆ. ನೀವು ಗಂಟೆಗೊಂದು ಕೀಫ್ರೇಮ್ (ಈ ಫ್ರೇಮಲ್ಲಿ ಇಷ್ಟಿರ್ಬೇಕು ಅನ್ನೋ ಗುರುತು) ಹಾಕಿ ಎಲಿವೇಶನ್ (ದಿಗಂತದಿಂದ ಎತ್ತರದ ಕೋನ) ಅಜಿಮತ್ ಎರಡನ್ನೂ ಕೈಯಲ್ಲಿ ತುಂಬಿದ್ರೆ ಸಾಫ್ಟ್‌ವೇರ್ ಆ 180 ಡಿಗ್ರಿನ ಒಂದು ಗಂಟೆಗೆ ಹಂಚಿಬಿಡತ್ತೆ, ಸೂರ್ಯ ನೆತ್ತಿ ಮೇಲೆ ಹಾದು ಹೋಗೋ ಬದಲು ಉತ್ತರದ ಕಡೆನೋ ದಕ್ಷಿಣದ ಕಡೆನೋ ಸುತ್ತು ಹೊಡೀತಾನೆ, ನೆರಳು ಗಡಿಯಾರದ ಮುಳ್ಳಿನ ಥರ ಗಿರಕಿ. ನನ್ನ ವಿಡಿಯೋ ಮಧ್ಯಾಹ್ನ ಕಣ್ಣು ಮಿಟುಕಿಸಿದ್ದರಲ್ಲಿ ಅರ್ಧ ಇದೇ. ಉತ್ತರ ದಿಕ್ಕಲ್ಲಿ ಅಜಿಮತ್ 0ಯಿಂದ 359ಕ್ಕೆ ಹೋಗೋ ಜಾಗದಲ್ಲೂ ಇದೇ ಥರ ಒಂದು ಫ್ರೇಮ್ ಹುಚ್ಚಾಟ ಆಡತ್ತೆ.

ಸನ್ ಪೊಸಿಷನ್ ಆಡ್‌ಆನ್ ಹಾಕ್ಕೊಂಡು ಅಕ್ಷಾಂಶ ರೇಖಾಂಶ, ಟೈಮ್‌ಝೋನ್ 5.5, ತಾರೀಕು ಕೊಟ್ಟು ಟೈಮ್ ಒಂದಕ್ಕೆ ಮಾತ್ರ ಎರಡು ಕೀಫ್ರೇಮ್ ಹಾಕಿ, ಶುರು ಮತ್ತೆ ಕೊನೆ. ಬ್ಲೆಂಡರ್ ಕೀಫ್ರೇಮ್ ಹಾಕಿದ ಕೂಡಲೇ ಬೆಝಿಯರ್ (ನಿಧಾನ ಶುರುವಾಗಿ ನಿಧಾನ ನಿಲ್ಲೋ ಬಾಗಿದ ಗೆರೆ) ಮಾಡಿಬಿಡತ್ತೆ, ಅದರಿಂದ ಬೆಳಗ್ಗೆ ಸಂಜೆ ಸೂರ್ಯ ತೆವಳ್ತಾನೆ ಮಧ್ಯಾಹ್ನ ಓಡ್ತಾನೆ, ಮೇಲಿನ ಡಿಗ್ರಿ ಲೆಕ್ಕ ಎಲ್ಲ ಕೆಡತ್ತೆ, ಟೀ ಒತ್ತಿ ಲೀನಿಯರ್ ಮಾಡಿ. ಆಡ್‌ಆನ್ ಬೇಡ ಅನ್ನೋರಿಗೆ ಇನ್ನೂ ಚೆಂದದ ದಾರಿ ಇದೆ: ಒಂದು ಎಂಪ್ಟಿ (ರೆಂಡರಲ್ಲಿ ಕಾಣದ ಖಾಲಿ ಆಬ್ಜೆಕ್ಟ್) ಇಟ್ಟು ಅದರ ಅಕ್ಷ ಉತ್ತರಕ್ಕೆ ಮುಖ ಮಾಡಿ ದಿಗಂತದಿಂದ 13 ಡಿಗ್ರಿ ಮೇಲೇಳೋ ಹಾಗೆ ವಾಲಿಸಿ, ಅಂದ್ರೆ ಧ್ರುವ ನಕ್ಷತ್ರದ ಕಡೆಗೆ, ಸನ್ ಲೈಟನ್ನ ಅದಕ್ಕೆ ಪೇರೆಂಟ್ ಮಾಡಿ, ಅಂದ್ರೆ ಅದರ ಜೊತೆಗೇ ತಿರುಗೋ ಹಾಗೆ ಕಟ್ಟಿ, ಋತುವಿಗೆ ತಕ್ಕ ಹಾಗೆ ಲೈಟನ್ನ ಉತ್ತರಕ್ಕೋ ದಕ್ಷಿಣಕ್ಕೋ ವಾಲಿಸಿ, ಜೂನ್‌ನಲ್ಲಿ ಹೆಚ್ಚೆಂದ್ರೆ 23.4 ಡಿಗ್ರಿ ಉತ್ತರ ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣ, ಆಮೇಲೆ ಎಂಪ್ಟಿನ ಆ ಒಂದೇ ಅಕ್ಷದ ಸುತ್ತ ಗಂಟೆಗೆ 15 ಡಿಗ್ರಿ ತಿರುಗಿಸಿ. ಭೂಮಿ ಮಾಡೋದೂ ಅದನ್ನೇ ತಾನೇ. ಒಂದೇ ಚಾನೆಲ್, ಸರಳ ರೇಖೆ, ಗಿರಕಿ ಹೊಡೆಯೋ ಮಾತೇ ಇಲ್ಲ. ಹಾ, ಬೆಂಗಳೂರಲ್ಲಿ ಸೂರ್ಯ ನೆತ್ತಿಗೆ ಬರೋದು ಗಡಿಯಾರದ ಹನ್ನೆರಡಕ್ಕಲ್ಲ, ಏಪ್ರಿಲ್ ಕೊನೇಲಿ 12:18ರ ಹೊತ್ತಿಗೆ, ಭಾರತದ ಟೈಮ್ ಲೆಕ್ಕ ಹಾಕೋ 82.5 ಡಿಗ್ರಿ ರೇಖೆಯಿಂದ ನಾವು ಪಶ್ಚಿಮಕ್ಕಿದೀವಿ, ಆರ್ಕಿಟೆಕ್ಟ್ ಇದನ್ನ ಹಿಡೀತಾರೆ.

ಸೂರ್ಯ ಮುಳುಗೋವಾಗ ಇನ್ನೊಂದು. ಸನ್ ಲೈಟಿಗೆ ದಿಗಂತ ಅಂದ್ರೇನು ಅಂತ ಗೊತ್ತಿಲ್ಲ, ನೆಲದ ಕೆಳಗೆ ಹೋದ್ಮೇಲೂ ಅಷ್ಟೇ ಜೋರಾಗಿ ಉರೀತಿರತ್ತೆ, ನೆಲದ ಪ್ಲೇನ್ ಚಿಕ್ಕದಿದ್ರೆ ಕೆಳಗಿಂದ ಸೀಲಿಂಗಿಗೆ ಬೆಳಕು ಹೊಡೆದು ಕೊನೆ ಫ್ರೇಮಲ್ಲಿ ಮನೆ ಬೆಂಕಿ ಬಿದ್ದ ಹಾಗಾಗತ್ತೆ. ಎಲಿವೇಶನ್ 5 ಡಿಗ್ರಿ ಇರೋವಾಗಿಂದ 0 ತನಕ ಸ್ಟ್ರೆಂತ್‌ನ ನಿಧಾನ ಸೊನ್ನೆಗೆ ಇಳಿಸಿ. ಜೊತೆಗೆ ಸ್ಕೈ ಟೆಕ್ಸ್ಚರ್ ಬಳಸ್ತಿದ್ರೆ ಅದರ ಸನ್ ಡಿಸ್ಕ್ ಟಿಕ್ ತೆಗೀರಿ, ಇಲ್ಲಾಂದ್ರೆ ಎರಡು ಸೂರ್ಯ ಎರಡು ನೆರಳು, ಒಂದಕ್ಕೊಂದು ಸರಿಯಾಗಿ ಕೂರದೆ ಅಂಚು ಅದುರತ್ತೆ.

ಈಗ ಇರುವೆಗಳ ಕಥೆ. ಸೂರ್ಯ ನಿಂತಲ್ಲೇ ಇದ್ದು ಕ್ಯಾಮೆರಾ ಮಾತ್ರ ಓಡೋ ವಾಕ್‌ಥ್ರೂ ಆದ್ರೆ ವೀ-ರೇಯವರು ಹಳೇ ವರ್ಷನ್‌ಗಳಲ್ಲಿ ಮಾಡ್ತಿದ್ದದ್ದು, ಇರೇಡಿಯನ್ಸ್ ಮ್ಯಾಪ್ ಮತ್ತೆ ಫ್ಲೈ-ಥ್ರೂ ಲೈಟ್ ಕ್ಯಾಶ್ (ಎರಡೂ ಬಡಿದು ಬರೋ ಬೆಳಕಿನ ಅಂದಾಜು) ಒಮ್ಮೆ ಲೆಕ್ಕ ಹಾಕಿ ಸೇವ್ ಮಾಡಿ ಎಲ್ಲ ಫ್ರೇಮಿಗೂ ಅದನ್ನೇ ಹಚ್ಚೋದು, ಗೋಡೆ ಕಲ್ಲಿನ ಹಾಗೆ ನಿಲ್ತಿತ್ತು. ಬಿಸಿಲು ಬದಲಾಗೋ ಕಡೆ ಈ ಉಳಿತಾಯ ಇಲ್ಲ, ಆರು ಗಂಟೆಗೆ ಸೇವ್ ಮಾಡಿದ ಮ್ಯಾಪ್ ಏಳಕ್ಕೆ ಸುಳ್ಳು. ಪ್ರತಿ ಫ್ರೇಮಿಗೂ ಹೊಸದಾಗಿ ಲೆಕ್ಕ ಹಾಕಿದ್ರೆ ಪ್ರತಿ ಸಲನೂ ಅಂದಾಜು ಸ್ವಲ್ಪ ಸ್ವಲ್ಪ ಬೇರೆ ಬರತ್ತೆ, ಆ ವ್ಯತ್ಯಾಸವೇ ಕಲೆ ಕುದಿಯೋದು. ಅದಕ್ಕೆ ವೀ-ರೇಯಲ್ಲಿ ಪ್ರೈಮರಿ ಬ್ರೂಟ್ ಫೋರ್ಸ್ (ಅಂದಾಜು ಹಂಚದೆ ಪಿಕ್ಸೆಲ್ ಪಿಕ್ಸೆಲ್‌ಗೂ ಲೆಕ್ಕ), ಸೆಕೆಂಡರಿ ಲೈಟ್ ಕ್ಯಾಶ್ ಸಿಂಗಲ್ ಫ್ರೇಮ್ ಮೋಡ್‌ನಲ್ಲಿ, ಸಬ್‌ಡಿವ್ಸ್ ಸ್ಟಿಲ್‌ಗೆ ಇಡೋ 1000 ಬಿಟ್ಟು 3000ದ ಹತ್ರ, ರೀಟ್ರೇಸ್ ಆನ್. ಬ್ರೂಟ್ ಫೋರ್ಸಲ್ಲಿ ಉಳಿಯೋದು ಸಣ್ಣ ಕಾಳಿನ ನಾಯ್ಸ್, ಅದು ಓಡೋವಾಗ ಫಿಲ್ಮ್ ಗ್ರೇನ್ ಥರ ಕಣ್ಣಿಗೆ ಹಿತವಾಗೇ ಇರತ್ತೆ, ಅಂಗೈಯಗಲದ ಕಲೆಗಿಂತ ಸಾವಿರ ಪಾಲು ಮೇಲು.

ಸೈಕಲ್ಸ್‌ನಲ್ಲಿ ಕ್ಯಾಶೇ ಇಲ್ಲ, ಪೂರ್ತಿ ಪಾತ್ ಟ್ರೇಸಿಂಗ್ (ಒಂದೊಂದು ಕಿರಣದ ದಾರಿ ಹಿಡಿದು ಲೆಕ್ಕ), ಆದ್ರೂ ನನಗೆ ಕಲೆ ಬಂದಿದ್ದು ಎಲ್ಲಿಂದ? ಡೀನಾಯ್ಸರ್. ಓಪನ್ ಇಮೇಜ್ ಡೀನಾಯ್ಸ್ ಒಂದು ಫ್ರೇಮ್ ಮಾತ್ರ ನೋಡತ್ತೆ, ಹಿಂದಿನ ಫ್ರೇಮಲ್ಲಿ ಏನು ಮಾಡ್ದೆ ಅಂತ ಅದಕ್ಕೆ ನೆನಪಿಲ್ಲ, ಕತ್ತಲ ಮೂಲೆಯಲ್ಲಿ ಮಾಹಿತಿ ಕಮ್ಮಿ ಇದ್ದಾಗ ಪ್ರತಿ ಸಲ ಬೇರೆ ಥರ ಊಹೆ ಮಾಡಿ ನಾಯ್ಸ್‌ನ ಕಲೆ ಮಾಡಿ ಕೊಡತ್ತೆ. ಆಲ್ಬೀಡೊ (ಮೇಲ್ಮೈ ಬಣ್ಣ) ನಾರ್ಮಲ್ (ಮೇಲ್ಮೈ ಮುಖ ಮಾಡಿರೋ ದಿಕ್ಕು) ಎರಡೂ ಕೊಟ್ಟು ಪ್ರೀಫಿಲ್ಟರ್ ಆಕ್ಯುರೇಟ್‌ಗಿಡಿ, ಅದಕ್ಕಿಂತ ಮುಖ್ಯ ಡೀನಾಯ್ಸರ್ ಆಫ್ ಮಾಡಿದ ಫ್ರೇಮನ್ನ ಒಮ್ಮೆ ನೋಡಿ, ಬರೀ ಕಣ್ಣಿಗೆ ಗೋಡೆ ಬಣ್ಣ ಗೊತ್ತಾಗದಷ್ಟು ಕಾಳು ಇದ್ರೆ ಡೀನಾಯ್ಸರ್‌ಗೂ ಗೊತ್ತಾಗಲ್ಲ. ಎನ್‌ವಿಡಿಯಾ ಕಾರ್ಡ್ ಇರೋರಿಗೆ ಬ್ಲೆಂಡರ್ 3.1ರಿಂದ ಆಪ್ಟಿಕ್ಸ್‌ನ ಟೆಂಪೊರಲ್ ಡೀನಾಯ್ಸಿಂಗ್ ಇದೆ, ರೆಂಡರ್ ಆದ್ಮೇಲೆ ಪೈಥಾನ್ ಕಮಾಂಡ್‌ನಿಂದ ಓಡಿಸೋದು, ಅದು ಅಕ್ಕಪಕ್ಕದ ಫ್ರೇಮ್ ನೋಡತ್ತೆ. ಆದ್ರೆ ಅದು ನಂಬೋದು ವೆಕ್ಟರ್ ಪಾಸನ್ನ, ವೆಕ್ಟರ್ ಪಾಸ್‌ಗೆ ವಸ್ತು ಸರಿದಿದ್ದು ಕ್ಯಾಮೆರಾ ಸರಿದಿದ್ದು ಗೊತ್ತು, ನೆರಳು ಸರಿದಿದ್ದು ಗೊತ್ತಿಲ್ಲ. ನೆಲ ನಿಂತಲ್ಲೇ ಇದೆ ಅಂದ್ಕೊಂಡು ಹಳೇ ನೆರಳನ್ನ ಹೊಸದರ ಮೇಲೆ ಬಳಿಯೋಕೆ ಹೋಗತ್ತೆ, ಕಂಬದ ನೆರಳಿಗೆ ಬಾಲ ಬಂದ್ರೆ ಗಾಬರಿ ಬೀಳ್ಬೇಡಿ, ಕಾರಣ ಅದೇ. ವೀ-ರೇಯಲ್ಲಿ ವೀಡೀನಾಯ್ಸ್ ಅನ್ನೋ ಬೇರೆ ಟೂಲ್ ಕೂಡ ಪಕ್ಕದ ಫ್ರೇಮ್‌ಗಳನ್ನ ಬೆರೆಸತ್ತೆ.

ಸೀಡ್ ವಿಷ್ಯದಲ್ಲಿ ಎಲ್ಲರೂ ಕಣ್ಣು ಮುಚ್ಕೊಂಡು ಆ ಗಡಿಯಾರದ ಐಕಾನ್ ಒತ್ತಿ ಅಂತಾರೆ. ಕ್ಯಾಮೆರಾ ಓಡ್ತಿದ್ರೆ ಒತ್ತಿ, ಇಲ್ಲಾಂದ್ರೆ ಕೊಳಕು ಗಾಜಿನ ಮೂಲಕ ನೋಡಿದ ಹಾಗೆ ನಾಯ್ಸ್ ಸ್ಕ್ರೀನಿಗೆ ಅಂಟ್ಕೊಳತ್ತೆ. ಆದ್ರೆ ನನ್ನ ತೊಟ್ಟಿಮನೆ ಥರ ಕ್ಯಾಮೆರಾ ನಿಂತಲ್ಲೇ ಇದ್ದು, ಡೀನಾಯ್ಸರ್ ಬಳಸ್ತಿದ್ದು, ಮೇಲೆ ಹೇಳಿದ ಸರಾಸರಿ ಆಟ ಆಡ್ತಿಲ್ಲ ಅಂದ್ರೆ ಸೀಡ್ ಬದಲಾಯಿಸ್ಬೇಡಿ, ಕಾಳು ಅಲ್ಲೇ ಇರತ್ತೆ, ಡೀನಾಯ್ಸರ್ ಊಹೆನೂ ಹೆಚ್ಚುಕಮ್ಮಿ ಹಾಗೇ ಬರತ್ತೆ, ಕುದಿತ ಕಣ್ಣಿಗೆ ಕಾಣೋಷ್ಟು ಇಳಿಯತ್ತೆ. ಟೈಮ್ ಲಿಮಿಟ್ ಆಪ್ಷನ್ ಮಾತ್ರ ಅನಿಮೇಷನ್‌ಗೆ ಯಾವತ್ತೂ ಬೇಡ, ಮಷೀನ್ ಬಿಸಿಯಾಗಿ ನಿಧಾನ ಆದ ಫ್ರೇಮಿಗೆ ಸ್ಯಾಂಪಲ್ ಕಮ್ಮಿ ಬೀಳತ್ತೆ.

ಕಿಟಕಿ ಗಾಜು ಇದ್ರೆ ಅದನ್ನೂ ನೋಡಿ. ನಿಜವಾದ ಗ್ಲಾಸ್ ಶೇಡರ್ ಮೂಲಕ ಬಿಸಿಲು ಬಂದ್ರೆ ಅದು ಕಾಸ್ಟಿಕ್ (ಗಾಜಲ್ಲಿ ಬಾಗಿ ಬರೋ ಬೆಳಕು) ಲೆಕ್ಕ, ಯಾವುದೋ ಒಂದು ಕೋನದಲ್ಲಿ ಸೂರ್ಯ ಬಂದಾಗ ಆ ಎರಡು ಫ್ರೇಮಲ್ಲಿ ಮಾತ್ರ ಬಿಳಿ ಚುಕ್ಕಿಗಳ ಮಳೆ. ಲೈಟ್ ಪಾತ್ ನೋಡ್‌ನ ಶ್ಯಾಡೋ ರೇ ತಗೊಂಡು ನೆರಳಿನ ಕಿರಣಕ್ಕೆ ಗಾಜು ಟ್ರಾನ್ಸ್‌ಪರೆಂಟ್ ಆಗೋ ಹಾಗೆ ಮಿಕ್ಸ್ ಮಾಡಿ, ಕಾಸ್ಟಿಕ್ಸ್ ಎರಡೂ ಟಿಕ್ ತೆಗೀರಿ, ಇಂಡೈರೆಕ್ಟ್ ಕ್ಲಾಂಪ್ (ಬಡಿದು ಬರೋ ಬೆಳಕಿಗೆ ಹಾಕೋ ಮಿತಿ) ಡೀಫಾಲ್ಟ್ 10 ಇರತ್ತೆ ಅದನ್ನ 3-4ಕ್ಕೆ ಇಳಿಸಿ.

ಬಜೆಟ್ ತೀರಾ ಕಮ್ಮಿ ಇದ್ದಾಗ ನಾನು ಮಾಡೋ ಒಂದು ಕಳ್ಳ ದಾರಿ, ಕ್ಯಾಮೆರಾ ನಿಂತಿರೋವಾಗ ಮಾತ್ರ. ನೇರ ಬಿಸಿಲಿನ ಅಂಚು ಬೇಗ ಬದಲಾಗತ್ತೆ, ಗೋಡೆಗೆ ಬಡಿದು ಬರೋ ಬೆಳಕು ತುಂಬ ನಿಧಾನ ಬದಲಾಗತ್ತೆ. ಹಾಗಾಗಿ ಡೈರೆಕ್ಟ್ ಪಾಸ್ (ನೇರ ಬೆಳಕು ಮಾತ್ರ ಇರೋ ಪದರ) ಎಲ್ಲ ಫ್ರೇಮಿಗೂ ರೆಂಡರ್ ಮಾಡ್ತೀನಿ, ಬೌನ್ಸ್ ಸೊನ್ನೆ ಮಾಡಿದ್ರೆ ಅದು ಸರಸರ ಆಗತ್ತೆ, ಇಂಡೈರೆಕ್ಟ್ ಪಾಸ್ ಹತ್ತು ಫ್ರೇಮಿಗೊಂದು ಮಾತ್ರ, ಆದ್ರೆ ಹತ್ತು ಪಟ್ಟು ಸ್ಯಾಂಪಲ್ ಹಾಕಿ ಮಿರಮಿರ ಕ್ಲೀನ್ ಮಾಡಿ, ನಡುವಿನ ಫ್ರೇಮ್‌ಗಳಿಗೆ ಒಂದರಿಂದ ಇನ್ನೊಂದಕ್ಕೆ ಕ್ರಾಸ್ ಡಿಸಾಲ್ವ್. ಕಂಪಾಸಿಟರ್‌ನಲ್ಲಿ ಎರಡೂ ಕೂಡಿಸಿ ಕಲರ್ ಪಾಸಿಂದ ಗುಣಿಸಿದ್ರೆ ಮುಗೀತು. ಹೊಳಪು ನೆಲದ ಗ್ಲಾಸಿ ಪಾಸನ್ನ ಮಾತ್ರ ಇದಕ್ಕೆ ಸೇರಿಸ್ಬೇಡಿ, ರೆಡ್‌ಆಕ್ಸೈಡ್ ನೆಲದಲ್ಲಿ ಕಾಣೋ ಆಕಾಶದ ಪ್ರತಿಬಿಂಬ ಎರಡೆರಡಾಗಿ ಕಾಣತ್ತೆ, ನಾನು ಒಮ್ಮೆ ಸೇರಿಸಿ ಪೇಚಿಗೆ ಬಿದ್ದಿದ್ದೆ.

ಬ್ಲೆಂಡರ್‌ನ ಇನ್ನೊಂದು ವೇಗದ ಇಂಜಿನ್ ಈವೀ ಬಗ್ಗೆ ಜಾಸ್ತಿ ಹೇಳಲ್ಲ. ಅದರ ವಾಲ್ಯೂಮ್ ಪ್ರೋಬ್‌ಗಳು ಬೇಕ್ ಮಾಡಿದ ಹೊತ್ತಿನ ಬೆಳಕನ್ನೇ ಹಿಡ್ಕೊಂಡಿರತ್ತೆ, ಸೂರ್ಯ ಪಶ್ಚಿಮಕ್ಕೆ ಹೋದ್ಮೇಲೂ ಗೋಡೆಯಲ್ಲಿ ಬೆಳಗಿನ ಬೌನ್ಸ್ ಉಳಿದಿರತ್ತೆ. ಪ್ರಿವ್ಯೂಗೆ ಸಾಕು.

ಎಕ್ಸ್‌ಪೋಶರ್. ನಡು ಮಧ್ಯಾಹ್ನ ಬಯಲಲ್ಲಿ ಸುಮಾರು ಒಂದು ಲಕ್ಷ ಲಕ್ಸ್, ಸೂರ್ಯ ಹುಟ್ಟೋ ಹೊತ್ತಿಗೆ ಸುಮಾರು 400, ಅಂದ್ರೆ ಎಂಟು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ವ್ಯತ್ಯಾಸ, ಒಂದೇ ಎಕ್ಸ್‌ಪೋಶರಲ್ಲಿ ಎರಡೂ ತೋರ್ಸೋಕಾಗಲ್ಲ ಅಂತ ಆಟೋ ಹಾಕೋರು ಜಾಸ್ತಿ. ವೀ-ರೇಯಲ್ಲಿ ಆಟೋ ಎಕ್ಸ್‌ಪೋಶರ್ ಮತ್ತೆ ಆಟೋ ವೈಟ್ ಬ್ಯಾಲೆನ್ಸ್ ಲೈಟ್ ಕ್ಯಾಶ್ ನೋಡಿ ಪ್ರತಿ ಫ್ರೇಮಿಗೂ ಹೊಸ ತೀರ್ಮಾನ ಮಾಡತ್ತೆ, ಎರಡನ್ನೂ ಆಫ್ ಮಾಡಿ, ವೈಟ್ ಬ್ಯಾಲೆನ್ಸ್ ಆನ್ ಇದ್ರೆ ಸಂಜೆಯ ಕೆಂಪನ್ನೂ ತೊಳೆದು ಹಾಕತ್ತೆ. ಬ್ಲೆಂಡರ್‌ನಲ್ಲಿ ಇಎಕ್ಸ್‌ಆರ್‌ಗೆ (ಬೆಳಕಿನ ಪೂರ್ತಿ ಮಾಹಿತಿ ಉಳಿಸೋ ಫೈಲ್) ರೆಂಡರ್ ಮಾಡಿ, ಎಕ್ಸ್‌ಪೋಶರ್ ಆಮೇಲೆ ಕಂಪಾಸಿಟರಲ್ಲಿ ಕೈಯಾರೆ ಹಾಕಿ, ಇಡೀ ದಿನಕ್ಕೆ ಐದಾರು ಕೀ ಸಾಕು, ನಯವಾದ ಕರ್ವ್. ಪೂರ್ತಿ ಎಂಟು ಸ್ಟಾಪ್ ಸರಿದೂಗಿಸೋಕೆ ಹೋಗ್ಬೇಡಿ, ನಾನು ನಾಲ್ಕೈದಕ್ಕೆ ನಿಲ್ಲಿಸ್ತೀನಿ, ಬೆಳಗ್ಗೆ ಬೆಳಗ್ಗೆ ಥರ ಮಬ್ಬಾಗೇ ಇರ್ಲಿ. ಪಿಎನ್‌ಜಿಗೆ ರೆಂಡರ್ ಮಾಡಿ ಸುಟ್ಟುಹೋದ ಬಿಸಿಲಿನ ಚೌಕ ಇಟ್ಕೊಂಡ್ರೆ ಆಮೇಲೆ ಏನೂ ಮಾಡೋಕಾಗಲ್ಲ.

ಎಲ್ಲ ಮುಗಿದ್ಮೇಲೂ ಒಂಚೂರು ಮಿಣುಕು ಉಳಿದಿದ್ರೆ ಎಫ್‌ಎಫ್‌ಎಂಪೆಗ್‌ನ ಡೀಫ್ಲಿಕರ್ ಫಿಲ್ಟರ್ ಐದು ಫ್ರೇಮಿನ ಬೆಳಕು ನೋಡಿ ಸಮ ಮಾಡತ್ತೆ, ಆದ್ರೆ ಅದು ಇಡೀ ಫ್ರೇಮಿನ ಏರಿಳಿತಕ್ಕೆ ಮಾತ್ರ, ಮೂಲೆಯ ಕಲೆಗೆ ಅದರಿಂದ ಪ್ರಯೋಜನ ಇಲ್ಲ. ಕೊನೇದಾಗಿ ಎನ್‌ಕೋಡಿಂಗ್: ಎಕ್ಸ್264 ಅನ್ನೋ ವಿಡಿಯೋ ಎನ್‌ಕೋಡರ್ ಕತ್ತಲೆ ಗೋಡೆನ ಚಪ್ಪಟೆ ಮಾಡಿಟ್ಟು ಪ್ರತಿ ಕೀಫ್ರೇಮಲ್ಲಿ (ಇಲ್ಲಿ ವಿಡಿಯೋದಲ್ಲಿ ಪೂರ್ತಿ ಬರೆಯೋ ಫ್ರೇಮ್ ಅಂತ) ಮತ್ತೆ ಸರಿಯಾಗಿ ಬರೆಯತ್ತೆ, ಆ ಜಾಗದಲ್ಲಿ ಗೋಡೆ ಒಮ್ಮೆ ಉಸಿರಾಡಿದ ಹಾಗೆ ಕಾಣತ್ತೆ. ಫ್ರೇಮ್‌ಗಳಲ್ಲಿ ಇಲ್ಲದ ಫ್ಲಿಕರ್ ವಿಡಿಯೋದಲ್ಲಿ ಮಾತ್ರ ಇದ್ರೆ ರೆಂಡರ್ ಸೆಟ್ಟಿಂಗ್ ಮುಟ್ಬೇಡಿ, ಸಿಆರ್‌ಎಫ್ (ಕಮ್ಮಿ ಆದಷ್ಟೂ ಗುಣಮಟ್ಟ ಜಾಸ್ತಿ ಆಗೋ ಎನ್‌ಕೋಡಿಂಗ್ ನಂಬರ್) 16ರ ಹತ್ರಕ್ಕೆ ಇಳಿಸಿ, ಸ್ವಲ್ಪ ಗ್ರೇನ್ ಸೇರಿಸಿ, ಮತ್ತೆ ಎಕ್ಸ್‌ಪೋರ್ಟ್ ಹೊಡೀರಿ.